ಗ್ರಾಂ ಸಾಹೇಬರ ಬೆನ್ನಿನ ತೂಕ

ಇಪ್ಪತ್ತಾರು ವರ್ಷ ಇಪ್ಪತ್ತು ಕೆ.ಜಿ.ಯ ಕಬ್ಬಿಣದ ತೂಕದ ಬಟ್ಟನ್ನು ಎತ್ತಿ ಇಳಿಸಿದ ಬೆನ್ನು, ಒಂದೇ ಒಂದು ಗ್ರಾಂ ಎತ್ತಲು ಹೋಗಿ ಹಿಡಿದುಕೊಂಡಿತು ಅಂದರೆ ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೆಂಡತಿಗೆ ಹೇಳಿದರೆ ನಗುತ್ತಾಳೆ. ಕಚೇರಿಯಲ್ಲಿ ಹೇಳಿದರೆ ನಂಬುವುದಿಲ್ಲ. ಅಂಗಡಿಯವರಿಗೆ ಹೇಳುವುದಂತೂ ಬೇಡವೇ ಬೇಡ, ಅವರು ಅದನ್ನು ಇಡೀ ಊರಿಗೆ ಚಿಲ್ಲರೆಯಾಗಿ ಹಂಚುತ್ತಾರೆ.

ಅವರು ತೂಕ ಮತ್ತು ಅಳತೆ ಕಚೇರಿಯ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಹಿತ್ತಾಳೆಯ ಮುದ್ರೆ ಒತ್ತುವುದು, ಸರಿಯಿಲ್ಲದಿದ್ದರೆ ತಕ್ಕಡಿಯನ್ನೇ ಹೊತ್ತುಕೊಂಡು ಬರುವುದು ಅವರ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಒಂದು ಗ್ರಾಂ ಹೆಚ್ಚುಕಮ್ಮಿಯಾದರೂ ಬಿಡದ ಮನುಷ್ಯ ಅಂತ ಮಾರುಕಟ್ಟೆಯವರು ಇಟ್ಟ ಹೆಸರು ಗ್ರಾಂ ಸಾಹೇಬರು. ಅವರು ಅದನ್ನು ಬಿರುದು ಅಂತಲೇ ತಿಳಿದಿದ್ದರು. ಇಟ್ಟವರು ಹಾಗೆ ತಿಳಿದಿರಲಿಲ್ಲ.

ಆವತ್ತು ತರಕಾರಿಯಮ್ಮನ ತಕ್ಕಡಿ ಪರೀಕ್ಷೆ ನಡೆಯುತ್ತಿತ್ತು. ಇಪ್ಪತ್ತು ಕೆ.ಜಿ. ಸರಿಬಂತು. ಐದು ಸರಿಬಂತು. ಒಂದು ಸರಿಬಂತು. ಸಾಹೇಬರು ಮಖಮಲ್ಲಿನ ಪೆಟ್ಟಿಗೆ ತೆಗೆದು, ಚಿಮಟದಿಂದ ಒಂದು ಗ್ರಾಮಿನ ಬಟ್ಟನ್ನು ಹಿಡಿದರು. ಅಂಗಿಯ ಗುಂಡಿಗಿಂತ ಚಿಕ್ಕದು.

"ಒಂದು ಗ್ರಾಂ ತಾನೆ ಸಾಹೇಬ್ರೇ, ಬಿಟ್ಟಾಕಿ. ಬದನೆಕಾಯಿ ತೊಟ್ಟು ಮುರಿದ್ರೆ ಅದಕ್ಕಿಂತ ಜಾಸ್ತಿ ಉದುರುತ್ತೆ" ಅಂದಳು ತರಕಾರಿಯಮ್ಮ.

"ಇವತ್ತು ಒಂದು ಗ್ರಾಂ ಬಿಟ್ರೆ ನಾಳೆ ಊರೇ ಬಿಟ್ಟ ಹಾಗೆ" ಅಂತ ಸಾಹೇಬರು ಇಪ್ಪತ್ತಾರು ವರ್ಷದಿಂದ ಹೇಳುತ್ತಿದ್ದ ಮಾತನ್ನು ಹೇಳುತ್ತಿದ್ದ ಹಾಗೇ ಬಟ್ಟು ಜಾರಿತು. ಟಿಣ್ ಅಂದಿತು. ಉರುಳಿಕೊಂಡು ಎಲೆಕೋಸಿನ ಬುಟ್ಟಿಯ ಕೆಳಗೆ ಹೋಯಿತು. ಸಾಹೇಬರು ಬಗ್ಗಿದರು.

ಬಗ್ಗಿದವರು ಏಳಲಿಲ್ಲ. ಸೊಂಟದೊಳಗೆ ಯಾರೋ ಬಾಗಿಲು ಮುಚ್ಚಿ ಚಿಲಕ ಹಾಕಿ, ಕೀಲಿಕೈ ತೆಗೆದುಕೊಂಡು ಊರಿಗೆ ಹೋದ ಹಾಗಾಯಿತು.

ತರಕಾರಿಯಮ್ಮ ಗಾಬರಿಯಾದಳು. "ಅಯ್ಯೋ, ಏಳಿ ಸಾಹೇಬ್ರೇ! ಕಾಲಿಗೆ ಬೀಳೋದೆಲ್ಲ ಬೇಡ! ಹೋದ ವರ್ಷ ದಂಡ ಹಾಕಿದ್ದನ್ನ ನಾನು ಆವತ್ತೇ ಮರೆತೆ!"

"ಏಳಕ್ಕೆ... ಆಗ್ತಿಲ್ಲಮ್ಮ."

ಆಮೇಲೆ ನಡೆದದ್ದನ್ನು ವಿವರಿಸುವುದು ಸಭ್ಯತೆಯಲ್ಲ. ಆದರೂ ಹೇಳಲೇಬೇಕು. ಇಬ್ಬರು ಹಮಾಲರು ಅವರನ್ನು ತಳ್ಳುಗಾಡಿಯ ಮೇಲೆ, ಹೂಕೋಸುಗಳ ನಡುವೆ, ಮಡಿಚಿದ ಕುರ್ಚಿಯ ಹಾಗೆ ಇಟ್ಟು ಮನೆಗೆ ಸಾಗಿಸಿದರು. ಮೂರು ಬೀದಿ ದಾಟಬೇಕಿತ್ತು. ಎರಡನೇ ಬೀದಿಯಲ್ಲಿ ಕಣ್ಣು ಮಂಜಾದ ಮುದುಕಿಯೊಬ್ಬಳು ಗಾಡಿ ನಿಲ್ಲಿಸಿ, "ಕೆ.ಜಿ. ಹೆಂಗಪ್ಪ?" ಅಂತ ಕೇಳಿದಳು. ಹೊರಡುವ ಮೊದಲು ತರಕಾರಿಯಮ್ಮ ಬುಟ್ಟಿ ಸರಿಸಿ, ಗ್ರಾಮನ್ನು ಹುಡುಕಿ, ಕಾಗದದಲ್ಲಿ ಸುತ್ತಿ ಅವರ ಅಂಗಿಯ ಜೇಬಿಗೆ ಹಾಕಿದ್ದಳು. ಅದು ಅಲ್ಲೇ ಉಳಿಯಿತು.

"ಏನಾಯ್ತು?" ಅಂತ ಹೆಂಡತಿ ಬಾಗಿಲಲ್ಲೇ ಕೂಗಿದಳು.

ಸಾಹೇಬರು ಒಂದು ಕ್ಷಣ ಯೋಚಿಸಿದರು. "ಇಪ್ಪತ್ತು ಕೆ.ಜಿ. ಎತ್ತುವಾಗ ಹಿಡ್ಕೊಂಡಿತು."

ತೂಕದ ವಿಷಯದಲ್ಲಿ ಅವರು ಜೀವಮಾನದಲ್ಲಿ ಆಡಿದ ಮೊದಲ ಸುಳ್ಳು ಅದು. ಹತ್ತೊಂಬತ್ತು ಕೆ.ಜಿ. ಒಂಬೈನೂರ ತೊಂಬತ್ತೊಂಬತ್ತು ಗ್ರಾಂ ಸುಳ್ಳು.

*

ಎಂಟು ದಿನ ಮಲಗಿದ್ದು, ಒಂಬತ್ತನೇ ದಿನ ಗೋಡೆ ಹಿಡಿದುಕೊಂಡು ಕಚೇರಿಗೆ ಹೋದರು. ಅವರು ಕೇಳಿದ್ದು ದೊಡ್ಡದೇನಲ್ಲ. ಕಚೇರಿಯಲ್ಲೇ ಒಂದು ಪರೀಕ್ಷೆಯ ಮೇಜು ಇದೆ. ಜನ ತಕ್ಕಡಿಯನ್ನು ಅಲ್ಲಿಗೇ ತರುತ್ತಾರೆ, ಕೂತವನು ನೋಡಿ ಮುದ್ರೆ ಒತ್ತುತ್ತಾನೆ. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಬಟ್ಟು ಹೊತ್ತು ಬೀದಿ ಅಲೆಯುವುದು ಬಿಟ್ಟು ಆ ಮೇಜು ಕೊಡಿ, ಅಷ್ಟೇ. ಮುದ್ರೆ ಮಾತ್ರ ಕೈಯಲ್ಲಿರಲಿ.

ಮೇಲಧಿಕಾರಿ ಮೇಡಂ ಅರ್ಜಿ ಓದಿದರು. "ಇಪ್ಪತ್ತು ಕೆ.ಜಿ. ಎತ್ತಿ ಬಂದ ನೋವು ಅಂತ ಬರೆದಿದ್ದೀರಿ. ಎಷ್ಟು?"

"ಬಹಳ ಮೇಡಂ."

"ಬಹಳ ಅಂದ್ರೆ ಆಗಲ್ಲ. ಶೇಕಡಾ ಎಷ್ಟು?"

"ನೋವಿಗೆ ಶೇಕಡಾನಾ?"

"ಸುತ್ತೋಲೆ ಬಂದಿದೆ." ಮೇಡಂ ಕಾಗದ ಎತ್ತಿ ಓದಿದರು. "ಬೆನ್ನುನೋವಿನಿಂದಾದ ಅಸಾಮರ್ಥ್ಯ ನಲವತ್ತಕ್ಕಿಂತ ಕಮ್ಮಿ ಇದ್ರೆ ಹೊರಗಿನ ಕೆಲಸ. ಅರವತ್ತು ದಾಟಿದ್ರೆ ಯಾವ ಕೆಲಸಕ್ಕೂ ಯೋಗ್ಯರಲ್ಲ, ಸೇವೆಯಿಂದ ಬಿಡುಗಡೆ. ನಡುವೆ ಇದ್ರೆ ಮೇಜು."

"ಅಂದ್ರೆ ನೋವು ಕಮ್ಮಿಯಾದ್ರೆ ಹೊರಬೇಕು, ಜಾಸ್ತಿಯಾದ್ರೆ ಮನೆಗೆ ಹೋಗಬೇಕು. ಹದವಾಗಿ ನೋಯಬೇಕು!"

"ನಾನು ಹಾಗಂದಿಲ್ಲ. ಸುತ್ತೋಲೆ ಅಂದಿದೆ. ಆಸ್ಪತ್ರೆಗೆ ಹೋಗಿ ಅಳೆಸ್ಕೊಂಡು ಬನ್ನಿ."

ಸಾಹೇಬರಿಗೆ ಮೈ ಉರಿಯಿತು. ಊರಿನ ತಕ್ಕಡಿಗಳನ್ನೆಲ್ಲ ಅಳೆದವನನ್ನು ಅಳೆಯುವವರು ಯಾರು? ಯಾವ ತಕ್ಕಡಿಯಲ್ಲಿ? ಅದಕ್ಕೆ ಮುದ್ರೆ ಒತ್ತಿದವರು ಯಾರು?

ಆಸ್ಪತ್ರೆಯ ಕಿಟಕಿಯ ಮುಂದೆ ಒಂದು ಗಂಟೆ ನಿಂತ ಮೇಲೆ ಗೊತ್ತಾಯಿತು, ಅಲ್ಲಿ ತಕ್ಕಡಿಯೇ ಇಲ್ಲ. ಇರುವುದು ಒಂದು ಹಾಳೆ. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಆರು ಉತ್ತರ, ಸೊನ್ನೆಯಿಂದ ಐದರವರೆಗೆ ಅಂಕ. ಕೂಡಿಸಿ ಎರಡರಿಂದ ಗುಣಿಸಿದರೆ ಶೇಕಡಾ ಸಿಗುತ್ತದೆ. ಸಾಹೇಬರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು.

"ಇದಕ್ಕೆ ಮುದ್ರೆ ಎಲ್ಲಿ?"

"ಎಂಥ ಮುದ್ರೆ ಯಜಮಾನ್ರೇ? ತುಂಬಿ ಕೊಡಿ" ಅಂದ ಕಿಟಕಿಯ ಗುಮಾಸ್ತ.

ತುಂಬುವುದು ಹೇಗೆ? ಕನ್ನಡಕ ಮನೆಯಲ್ಲಿ ಮಂಚದ ಕೆಳಗೆ ಬಿದ್ದಿತ್ತು. ಬಗ್ಗಿ ತೆಗೆಯುವುದಾಗಿದ್ದರೆ ಆಸ್ಪತ್ರೆಗೆ ಯಾಕೆ ಬರುತ್ತಿದ್ದರು?

"ಸರಿ, ನಾನೇ ಓದ್ತೀನಿ, ನೀವು ಹೇಳಿ" ಅಂತ ಗುಮಾಸ್ತ ಗಂಟಲು ಸರಿಮಾಡಿಕೊಂಡ. ಅವನ ಗಂಟಲು ದಿನಕ್ಕೆ ಮುನ್ನೂರು ಹೆಸರು ಕೂಗಿ ಪಳಗಿದ್ದು. ಮೆಲ್ಲಗೆ ಮಾತಾಡುವುದು ಅದಕ್ಕೆ ಮರೆತೇ ಹೋಗಿತ್ತು. "ಇವತ್ತಿನ ಸ್ಥಿತಿ ಮಾತ್ರ ಹೇಳಬೇಕು, ನಿನ್ನೇದು ಬೇಡ! ಮೊದಲನೇದು, ನೋವು! ಬಹಳ ಅಂದ್ರಿ, ನಾಲ್ಕು! ಎರಡನೇ ಪ್ರಶ್ನೆ! ಬಟ್ಟೆ ನೀವೇ ಹಾಕ್ಕೋತೀರಾ?"

ಸಾಲಿನಲ್ಲಿದ್ದ ನಲವತ್ತು ತಲೆಗಳು ಒಟ್ಟಿಗೆ ತಿರುಗಿದವು. ಸಾಹೇಬರ ಬೆನ್ನ ಹಿಂದೆಯೇ, ಮಂಡಿನೋವಿಗೆ ಬಂದಿದ್ದ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ನಿಂತಿದ್ದರು. ಎಂಟು ದಿನದಿಂದ ಪ್ಯಾಂಟಿನ ಕಾಲು ಹಿಡಿಯುತ್ತಿದ್ದವಳು, ಕಾಲುಚೀಲ ತೊಡಿಸುತ್ತಿದ್ದವಳು ಹೆಂಡತಿ. ಆದರೆ ನಲವತ್ತು ಜನರ ಮುಂದೆ?

"ಇನ್ನೇನು, ನೀನು ಬಂದು ಹಾಕ್ತೀಯಾ?"

"ಸೊನ್ನೆ!" ಗುಮಾಸ್ತ ಗೀಟು ಹಾಕಿದ. "ಮೂರು! ಭಾರ ಎತ್ತಕ್ಕೆ ಆಗುತ್ತಾ?"

ಸಾಹೇಬರು ಬಾಯಿ ತೆರೆಯುವ ಮೊದಲೇ ಡ್ರಿಲ್ ಮೇಷ್ಟ್ರು ಅಭಿಮಾನದಿಂದ ಹೇಳಿದರು: "ಏನಯ್ಯಾ ಹಾಗಂದ್ರೆ? ಇಪ್ಪತ್ತು ಕೆ.ಜಿ.ಯನ್ನ ಹೂವಿನ ಹಾಗೆ ಎತ್ತೋ ಗಂಡು ಅವ್ರು! ನಮ್ಮ ಬೀದಿ!"

"ಸೊನ್ನೆ!"

ಹೀಗೇ ಸಾಗಿತು. ನಡೆಯುವುದು? ನಡೆದೇ ಬಂದಿದ್ದಾರಲ್ಲ. ನಿದ್ದೆ? ಗಂಡಸು ನಿದ್ದೆ ಬರಲ್ಲ ಅಂತ ಕಿಟಕಿಯಲ್ಲಿ ಅಳುತ್ತಾನೆಯೇ? ಎಂಟನೇ ಪ್ರಶ್ನೆ ಬಂತು. ಗುಮಾಸ್ತ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದ.

"ದಾಂಪತ್ಯ ಜೀವನ! ಒಂದು, ಎಂದಿನಂತೆ, ನೋವಿಲ್ಲ! ಎರಡು, ಎಂದಿನಂತೆ, ಆದರೆ ನೋವಿದೆ! ಮೂರು, ಹೆಚ್ಚುಕಮ್ಮಿ ಎಂದಿನಂತೆ..."

ಬೆಳಗಿನಿಂದ ಕೆಮ್ಮುತ್ತಿದ್ದವನು ಕೆಮ್ಮು ನುಂಗಿಕೊಂಡ. ಅಜ್ಜಿಯೊಬ್ಬಳು, "ಮೆಲ್ಲಗೆ ಓದಪ್ಪ, ಮನುಷ್ಯರಿದೀವಿ" ಅಂದಳು. ಅಂದವಳು ಕಿವಿ ಮುಚ್ಚಿಕೊಳ್ಳಲಿಲ್ಲ, ಒಂದು ಹೆಜ್ಜೆ ಮುಂದೆ ಬಂದಳು.

"ಎಂದಿನಂತೆ!" ಅಂತ ಗುಡುಗಿದರು ಸಾಹೇಬರು.

"ಭೇಷ್!" ಅಂದರು ಡ್ರಿಲ್ ಮೇಷ್ಟ್ರು.

ಒಟ್ಟು ಒಂಬತ್ತು. ಅದರಲ್ಲಿ ಐದಾದರೂ ಬಂದದ್ದು ಯಾಕೆ ಗೊತ್ತೇ? ಕೊನೆಗೆ ನಿಲ್ಲಲಾರದೆ ಅವರು ಕಿಟಕಿಯ ಸರಳಿಗೆ ಜೋತುಬಿದ್ದದ್ದನ್ನು ಗುಮಾಸ್ತನೇ ಕಣ್ಣಾರೆ ನೋಡಿದ್ದರಿಂದ. ಶೇಕಡಾ ಹದಿನೆಂಟು.

ಮೇಡಂ ಮುಖ ಅರಳಿತು. "ಒಳ್ಳೇ ಸುದ್ದಿ! ಏನೂ ಆಗಿಲ್ಲ ನಿಮಗೆ. ಸೋಮವಾರದಿಂದ ಗುಡ್ಡದ ಮೇಲಿನ ಮಾರುಕಟ್ಟೆ. ಅರವತ್ತೆರಡು ಮೆಟ್ಟಿಲು."

"ಮೇಡಂ, ಆ ಅಳತೆ ತಪ್ಪು!"

"ಹೇಳಿದೋರು ಯಾರು?"

"ನಾನೇ."

"ತಪ್ಪು ಹೇಳಿದೋರು?"

"ಅದೂ ನಾನೇ!"

ಮರುಅಳತೆಗೆ ಅವಕಾಶವಿತ್ತು. ಹೊಸ ಹಾಳೆಯನ್ನು ಲಕೋಟೆಯಲ್ಲಿ ಹಾಕಿ ಮನೆಗೇ ಕಳಿಸಿದರು.

*

ಸಾಹೇಬರು ನಡುಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಹೆಂಡತಿ ಪೆನ್ನು ಹಿಡಿದು ಮೇಜಿನ ಹತ್ತಿರ ಕೂತಳು. "ನಲವತ್ತು ದಾಟಬೇಕು ಕಣೇ" ಅಂತ ಮಾತ್ರ ಅವಳಿಗೆ ಹೇಳಿದ್ದರು. ಅರವತ್ತರ ವಿಷಯ ಹೇಳಿರಲಿಲ್ಲ. ಹೇಳಿದರೆ, ಕೆಲಸ ಹೋಗಬಹುದು ಅಂತಲೂ ಹೇಳಬೇಕು. ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ನಾಲಿಗೆ ಹೊರಳಲಿಲ್ಲ.

"ನೀವು ಸುಮ್ನೆ ಮಲಗಿ. ನಿಮ್ಮ ವಿಷಯ ನಿಮಗಿಂತ ನನಗೆ ಚೆನ್ನಾಗಿ ಗೊತ್ತು" ಅಂತ ಹೆಂಡತಿ ಶುರುಮಾಡಿದಳು. "ಭಾರ ಎತ್ತುವುದು. ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು. ಒಂದು ದಿನ ಸಿಲಿಂಡರ್ ಎತ್ತಿಟ್ಟಿದ್ದೀರಾ? 'ಯಾವ ವಸ್ತುವನ್ನೂ ಎತ್ತಲು ಆಗುವುದಿಲ್ಲ.' ಐದು."

"ಲೇ, ಅದು ಬೆನ್ನಿನಿಂದ ಅಲ್ವಲ್ಲೇ!"

"ಎತ್ತುತ್ತೀರೋ ಇಲ್ವೋ ಅಂತ ಕೇಳಿದ್ದಾರೆ. ಯಾಕೆ ಎತ್ತಲ್ಲ ಅಂತ ಕೇಳಿಲ್ಲ. ಪ್ರಯಾಣ. ನಮ್ಮಕ್ಕನ ಮನೆಗೆ ಹೋಗೋಣ ಅಂದಾಗಲೆಲ್ಲ ಏನಂತೀರಿ? 'ಪ್ರಯಾಣ ಸಾಧ್ಯವೇ ಇಲ್ಲ.' ಐದು."

"ನಿಮ್ಮಕ್ಕ ಮಾತು ನಿಲ್ಲಿಸಲ್ಲ, ಅದಕ್ಕೆ..."

"ನಿದ್ದೆ. ಈ ಮನೇಲಿ ನಿಮ್ಮ ಗೊರಕೆಗೆ ಯಾರಿಗೂ ನಿದ್ದೆ ಇಲ್ಲ. ಐದು. ಜನರ ಜೊತೆ ಒಡನಾಟ. ನಿಮ್ಮನ್ನ ಕಂಡ್ರೆ ಅಂಗಡಿಯೋರು ಬಾಗಿಲು ಎಳ್ಕೋತಾರೆ. ಒಡನಾಟ ಎಲ್ಲಿಂದ ಬರಬೇಕು? ಐದು."

ಚಾವಣಿ ನೋಡುತ್ತ ಸಾಹೇಬರು ಹಲ್ಲು ಕಡಿದರು. ಎದ್ದು ಹಾಳೆ ಕಿತ್ತುಕೊಳ್ಳೋಣವೆಂದರೆ ಏಳುವುದಕ್ಕೇ ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಅವಳು ಎಂಟನೆಯದಕ್ಕೆ ಬಂದಿದ್ದಳು. ಆ ಪ್ರಶ್ನೆಯನ್ನು ಮಾತ್ರ ಮನಸ್ಸಿನಲ್ಲೇ ಓದಿಕೊಂಡಳು. ಪೆನ್ನು ಸರ್ರನೆ ಓಡಿದ ಸದ್ದು ಕೇಳಿಸಿತು.

"ಏನು ಹಾಕಿದೆ?"

"ನಿಜ ಹಾಕಿದೆ."

ಸಾಹೇಬರು ಗೋಡೆಯ ಕಡೆ ಹೊರಳಲು ನೋಡಿದರು. ಬೆನ್ನು ಬಿಡಲಿಲ್ಲ.

"ಅಷ್ಟೊಂದು ಬೇಡ ಕಣೇ, ಸ್ವಲ್ಪ ಕಮ್ಮಿಮಾಡು" ಅಂತ ಅವರು ಸಾವರಿಸಿಕೊಂಡು ಹೇಳುವಷ್ಟರಲ್ಲಿ ಲಕೋಟೆಗೆ ಅಂಟು ಬಿದ್ದಿತ್ತು. "ಕಮ್ಮಿ ನೋವು ಅಂದೋರಿಗೆ ಈ ಲೋಕದಲ್ಲಿ ಯಾರು ಏನು ಕೊಟ್ಟಿದ್ದಾರೆ? ಮೇಷ್ಟ್ರೇ, ತಗೊಳ್ಳಿ!" ಬಾಗಿಲಲ್ಲಿ ಕಾಯುತ್ತಿದ್ದ ಡ್ರಿಲ್ ಮೇಷ್ಟ್ರು ಮಂಡಿನೋವನ್ನೂ ಲೆಕ್ಕಿಸದೆ, ಎಡ-ಬಲ ಎಡ-ಬಲ ಅಂತ ಲಕೋಟೆ ಒಯ್ದು ಕೊಟ್ಟೇಬಿಟ್ಟರು.

ಶೇಕಡಾ ಎಂಬತ್ತಾರು.

ಆಸ್ಪತ್ರೆಯವರ ಪ್ರಕಾರ ಎಂಬತ್ತಾರು ಅಂದರೆ ಮನುಷ್ಯ ಹಾಸಿಗೆಗೆ ಅಂಟಿಕೊಂಡಿದ್ದಾನೆ ಅಂತ ಅರ್ಥ. ಮೂರನೇ ದಿನ ಕಚೇರಿಯಿಂದ ಕಾಗದ ಬಂತು: ಯಾವ ಕೆಲಸಕ್ಕೂ ಯೋಗ್ಯರಲ್ಲ, ಬಿಡುಗಡೆಯ ಕ್ರಮ ಜರುಗಿಸಲಾಗುವುದು. ಕಾಗದಕ್ಕಿಂತ ಸುದ್ದಿ ಬೇಗ ಬಂದಿತ್ತು, ಸುದ್ದಿಗಿಂತ ಬೇಗ ಜನ ಬಂದಿದ್ದರು. ಬಂದವರು ಬಾಗಿಲಲ್ಲಿ ಚಪ್ಪಲಿಯನ್ನು ಸದ್ದಾಗದ ಹಾಗೆ ಬಿಟ್ಟು, ಪಿಸುಮಾತಿನಲ್ಲಿ ಹೆಂಡತಿಯನ್ನು "ಮಾತಾಡ್ತಾರಾ?" ಅಂತ ಕೇಳಿದರು.

"ಮಾತಾಡ್ತೀನಿ!" ಅಂತ ಒಳಗಿಂದ ಸಾಹೇಬರು ಕೂಗಿದರು. "ಇನ್ನೂ ಹೋಗಿಲ್ಲ ನಾನು!"

"ಪಾಪ, ನೋವು ತಲೆಗೆ ಏರಿದೆ" ಅಂದರು ಬಂದವರು.

ಕಚೇರಿಯ ಜೂನಿಯರ್ ಅರ್ಧ ಡಜನ್ ಸೇಬು ತಂದು ಕೊಟ್ಟ. ಆದರೆ ಅವನ ಕಣ್ಣು ಗೂಟಕ್ಕೆ ತೂಗುಹಾಕಿದ್ದ ಸಾಹೇಬರ ಕೈಚೀಲದ ಮೇಲಿತ್ತು. ಮುದ್ರೆ ಇದ್ದದ್ದು ಅದರಲ್ಲಿ.

"ಸಾರ್, ಮುದ್ರೆಯ ಹಿಡಿ ಸ್ವಲ್ಪ ಸವೆದಿದೆಯಲ್ಲ. ನನ್ನ ಕೈ ದಪ್ಪ. ಬೇರೆ ಹಿಡಿ ಹಾಕಿಸ್ಕೋಬಹುದಾ?"

"ನಿನ್ನ ಸೇಬು ತೂಕ ಹಾಕಿಸಿದ್ದೀಯೇನೋ?"

"ಇಲ್ಲ ಸಾರ್."

"ತೂಕ ಹಾಕಿಸದೆ ಸೇಬು ತಗೊಂಡೋನಿಗೆ ಮುದ್ರೆ ಬೇರೆ ಕೇಡು! ಎದ್ದೇಳು!"

ಡ್ರಿಲ್ ಮೇಷ್ಟ್ರಂತೂ ಬೀಳ್ಕೊಡುಗೆಯ ಭಾಷಣವನ್ನೇ ಬರೆದು ತಂದಿದ್ದರು. "ಸಾಹೇಬರು ಸತ್ಯವಂತರಾಗಿದ್ದರು. ಶಿಸ್ತಿನವರಾಗಿದ್ದರು. ನಮ್ಮ ಬೀದಿಯ ಕಣ್ಣಾಗಿದ್ದರು..." ಸಾಹೇಬರು ಚಾಪೆಯ ಮೇಲಿಂದ ದಿಂಬು ಎಸೆದರು. ಅದು ಮೇಷ್ಟ್ರಿಗೆ ಮುಟ್ಟಲೂ ಇಲ್ಲ. ಮೇಷ್ಟ್ರು ಹೆಂಡತಿಯ ಕಡೆ ತಿರುಗಿ, "ಎಂಬತ್ತಾರು ಸರಿಯಾಗೇ ಇದೆ ತಾಯಿ" ಅಂದರು.

ಎಲ್ಲರೂ ಹೋದ ಮೇಲೆ ಹೆಂಡತಿ ಕಾಗದವನ್ನು ಎರಡು ಸಲ ಓದಿ, ಚಾಪೆಯ ಅಂಚಿನಲ್ಲಿ ಕೂತಳು.

"ಅರವತ್ತು ದಾಟಬಾರದು ಅಂತ ಮೊದ್ಲೇ ಬಾಯಿಬಿಟ್ಟು ಹೇಳಕ್ಕೆ ಏನಾಗಿತ್ತು ನಿಮಗೆ?"

"ನೀನು ಕೇಳಲಿಲ್ಲ."

"ಅಯ್ಯೋ ದೇವರೇ, ನೀವು ದಿನವಿಡೀ ಮನೇಲಿದ್ರೆ ನನ್ನ ಗತಿ ಏನು! ಈ ವಾರದಲ್ಲೇ ಉಪ್ಪಿನ ಡಬ್ಬ ತೂಗಿದ್ರಿ, ಸೋಪು ತೂಗಿದ್ರಿ. ನಾಳೆ ನನ್ನ..." ಅಂತ ಶುರುಮಾಡಿದವಳು ಅವರ ಮುಖ ನೋಡಿದಳು. ಎದ್ದು ಗೂಟದಿಂದ ಕೈಚೀಲ ತೆಗೆದು ಅವರ ತಲೆಯ ಹತ್ತಿರ ಇಟ್ಟಳು. "ಮೇಲೆ ಇನ್ನೊಂದು ಮಂಡಳಿ ಇದೆಯಂತಲ್ಲ. ಅಲ್ಲಿಗೆ ಹೋಗೋಣ. ಈ ಸಲ ನಾನು ಬಾಯಿ ತೆರೆಯಲ್ಲ."

*

ಮಂಡಳಿಯಲ್ಲಿ ಮೂವರು ವೈದ್ಯರು. ನಡುವೆ ಬಿಳಿತಲೆಯ ದೊಡ್ಡ ಡಾಕ್ಟರು, ಎಡಕ್ಕೆ ಫೋನು ನೋಡುತ್ತಿದ್ದವರು, ಬಲಕ್ಕೆ ಬರೆದುಕೊಳ್ಳುತ್ತಿದ್ದ ಡಾಕ್ಟರಮ್ಮ. ಕಚೇರಿಯ ಪರವಾಗಿ ಮೇಡಂ ಬಂದಿದ್ದರು. ಮೇಡಂ ಕೆಟ್ಟವರೇನಲ್ಲ. ಜೂನಿಯರ್ ಕೈಗೆ ಮುದ್ರೆ ಹೋದರೆ ಏನಾಗುತ್ತದೆ ಅಂತ ಅವರಿಗೂ ಗೊತ್ತಿತ್ತು. ಅದಕ್ಕೇ ರಾತ್ರಿಯೆಲ್ಲ ಯೋಚಿಸಿ ಒಂದು ದಾರಿ ಹುಡುಕಿಕೊಂಡು ಬಂದಿದ್ದರು.

"ಸಾರ್, ಒಂದು ಅಳತೆ ಹದಿನೆಂಟು. ಇನ್ನೊಂದು ಎಂಬತ್ತಾರು. ಸರಾಸರಿ ತೆಗೆದ್ರೆ ಐವತ್ತೆರಡು. ನಲವತ್ತರ ಮೇಲೆ, ಅರವತ್ತರ ಕೆಳಗೆ. ಮೇಜಿನ ಕೆಲಸ. ಎಲ್ಲರಿಗೂ ಸುಖ."

ದೊಡ್ಡ ಡಾಕ್ಟರು ತಲೆಯಾಡಿಸಿ ಪೆನ್ನಿನ ಮುಚ್ಚಳ ತೆಗೆದರು. ಬಾಗಿಲ ಹತ್ತಿರ ಕೂತಿದ್ದ ಹೆಂಡತಿ ಉಸಿರು ಬಿಟ್ಟಳು. ಐವತ್ತೆರಡು! ಇದಕ್ಕಿಂತ ಹದವಾದ ನೋವು ಯಾರಿಗೆ ಬರಲು ಸಾಧ್ಯ? ಬುದ್ಧಿ ಇರುವ ಯಾರೇ ಆದರೂ ಕೈಮುಗಿದು ಹೊರಗೆ ಬರುತ್ತಿದ್ದರು.

"ನಿಲ್ಲಿಸಿ!" ಅಂದರು ಗ್ರಾಂ ಸಾಹೇಬರು.

ಫೋನು ನೋಡುತ್ತಿದ್ದವರು ತಲೆಯೆತ್ತಿದರು.

"ಒಂದು ಅಂಗಡೀಲಿ ಎರಡು ತಕ್ಕಡಿ ಇದೆ ಅಂತಿಟ್ಕೊಳ್ಳಿ ಸಾರ್. ಒಂದು ಕಮ್ಮಿ ತೂಗುತ್ತೆ, ಇನ್ನೊಂದು ಜಾಸ್ತಿ ತೂಗುತ್ತೆ. 'ಸಾಹೇಬ್ರೇ, ಎರಡೂ ಸೇರಿಸಿದ್ರೆ ಸರಾಸರಿ ಸರಿಹೋಗುತ್ತೆ, ಮುದ್ರೆ ಒತ್ತಿ' ಅಂದ್ರೆ ನಾನು ಒತ್ತಬೇಕಾ? ಎರಡೂ ಕಳ್ಳ ತಕ್ಕಡಿ! ಎರಡನ್ನೂ ಹೊತ್ಕೊಂಡು ಬರ್ತೀನಿ ನಾನು! ಹದಿನೆಂಟು ನನ್ನ ಜಂಬ, ಎಂಬತ್ತಾರು ನನ್ನ ಹೆಂಡತಿಯ ಕೋಪ. ಇದರಲ್ಲಿ ನನ್ನ ಬೆನ್ನು ಎಲ್ಲಿದೆ ತೋರಿಸಿ!"

"ರೀ..." ಅಂತ ಹೆಂಡತಿ ಅಂದಳು. ಬಾಯಿ ತೆರೆಯಲ್ಲ ಅಂದದ್ದು ನೆನಪಾಗಿ ಮುಚ್ಚಿಕೊಂಡಳು.

"ಸಾಹೇಬ್ರೇ, ನಿಮ್ಮ ಒಳ್ಳೇದಕ್ಕೇ..." ಅಂದರು ಮೇಡಂ.

"ಒಳ್ಳೇದು ಬೇಡ ಮೇಡಂ, ಸರಿಯಾದ್ದು ಬೇಕು! ಇಪ್ಪತ್ತಾರು ವರ್ಷದಿಂದ ಜನರಿಗೆ ಏನು ಹೇಳಿದ್ದೀನೋ ಅದನ್ನೇ ನನಗೂ ಮಾಡಿ. ಮತ್ತೆ ಅಳೆಯಿರಿ!"

ದೊಡ್ಡ ಡಾಕ್ಟರು ಕನ್ನಡಕದ ಮೇಲಿಂದ ಅವರನ್ನು ನೋಡಿ, ಹೊಸ ಹಾಳೆ ಎಳೆದುಕೊಂಡರು. ಈ ಸಲ ಸಾಹೇಬರು ಒಂದೊಂದನ್ನೂ ಚಿಮಟದಲ್ಲಿ ಹಿಡಿದ ಹಾಗೆ ಹೇಳಿದರು. ಕಾಲುಚೀಲ ಹೆಂಡತಿ ಹಾಕುತ್ತಾಳೆ, ಅಂಗಿ ತಾವೇ. ಮೂವತ್ತೈದು ನಿಮಿಷ ಕೂರಬಹುದು, ಗಡಿಯಾರ ಇಟ್ಟು ನೋಡಿದ್ದಾರೆ. ಭಾರ, ಮೇಜಿನ ಮೇಲಿದ್ದರೆ ಎತ್ತಬಹುದು, ನೆಲದಿಂದ ಆಗದು, ಅದಕ್ಕೆ ಮೂರು. ಎಂಟನೆಯದು ಬಂದಾಗ ಬಾಗಿಲ ಕಡೆ ನೋಡದೆ ಹೇಳಿದರು, "ಅದೊಂದು ಹೆಂಡತಿ ಹಾಕಿದ್ದೇ ಇರಲಿ. ಆ ಹಾಳೇಲಿ ಸರಿಯಿದ್ದದ್ದು ಅದೊಂದೇ." ಡಾಕ್ಟರಮ್ಮ ತಲೆ ತಗ್ಗಿಸಿ ಬರೆದುಕೊಂಡರು.

ಕೂಡಿಸಿದರು. ಹತ್ತೊಂಬತ್ತು. ಎರಡರಿಂದ ಗುಣಿಸಿದರು.

ಮೂವತ್ತೆಂಟು.

ಮೂವತ್ತೆಂಟು ಅಂದರೆ ಗುಡ್ಡದ ಮೇಲಿನ ಮಾರುಕಟ್ಟೆ, ಅರವತ್ತೆರಡು ಮೆಟ್ಟಿಲು, ಹೆಗಲ ಮೇಲೆ ಇಪ್ಪತ್ತು ಕೆ.ಜಿ. ಮೇಡಂ ಹಣೆ ಚಚ್ಚಿಕೊಂಡರು. ದೊಡ್ಡ ಡಾಕ್ಟರು ಮೆಲ್ಲಗೆ, "ಒಂದೇ ಒಂದು ಅಂಕ ಸಾಕಿತ್ತು. ಕೂರೋದು ಮೂವತ್ತೈದು ನಿಮಿಷ ಅಂದ್ರಿ. ಅರ್ಧ ಗಂಟೆ ಅಂತ ಹಾಕಿಬಿಡ್ಲಾ?" ಅಂದರು.

ಅರವತ್ತೆರಡು ಮೆಟ್ಟಿಲೂ ಸಾಹೇಬರ ಕಣ್ಣ ಮುಂದೆ ಬಂದವು. ಆದರೂ ಹೇಳಿದರು: "ಮೂವತ್ತೈದು ಅಂದ್ರೆ ಮೂವತ್ತೈದು. ಮೂವತ್ತೆಂಟು ಅಂದ್ರೆ ಮೂವತ್ತೆಂಟು. ಎಲ್ಲಿ ಸಹಿ ಹಾಕಬೇಕು?"

ಅಂದು, ಪೆನ್ನಿಗಾಗಿ ಅಂಗಿಯ ಜೇಬಿಗೆ ಕೈಹಾಕಿದರು. ಆವತ್ತು ಮಾರುಕಟ್ಟೆಗೆ ತೊಟ್ಟಿದ್ದದ್ದೂ ಅದೇ ಅಂಗಿ. ಪೆನ್ನಿನ ಜೊತೆ ಒಂದು ಕಾಗದದ ಚೂರು ಬಂತು. ಕಾಗದ ಬಿಚ್ಚಿಕೊಂಡಿತು. ಟಿಣ್!

ಬೇರೆ ಯಾರಾದರೂ ಆಗಿದ್ದರೆ ಬಿಡುತ್ತಿದ್ದರು. ಗ್ರಾಂ ಸಾಹೇಬರು ಗ್ರಾಂ ಬಿಟ್ಟಾರೆಯೇ? ಅವರ ತಲೆ ಬೇಡ ಅನ್ನುವ ಮೊದಲೇ ಸೊಂಟ ಬಗ್ಗಿತು. ಚಿಲಕ ಬಿತ್ತು.

"ಏನದು?" ಅಂತ ಮೂವರು ವೈದ್ಯರೂ ಮೇಜಿನ ಮೇಲೆ ಬಾಗಿ ಕೆಳಗೆ ನೋಡಿದರು. ಈಗ ಆ ಕೋಣೆಯಲ್ಲಿ ನೆಟ್ಟಗೆ ಇದ್ದವರು ಮೇಡಂ ಮತ್ತು ಬಾಗಿಲ ಹತ್ತಿರದ ಹೆಂಡತಿ ಮಾತ್ರ.

"ಒಂದು... ಗ್ರಾಂ ಸಾರ್."

"ಎತ್ತಕ್ಕೆ ಆಗ್ತಿಲ್ವಾ?"

"ಇಲ್ಲ ಸಾರ್. ಆವತ್ತೂ ಇದೇ." ನೆಲವನ್ನೇ ನೋಡುತ್ತಿದ್ದುದರಿಂದಲೋ ಏನೋ, ಸತ್ಯ ಸಲೀಸಾಗಿ ಬಂತು. "ಇಪ್ಪತ್ತು ಕೆ.ಜಿ. ಅಂತ ಅರ್ಜೀಲಿ ಬರೆದದ್ದು ಸುಳ್ಳು. ಈ ಒಂದು ಗ್ರಾಮೇ. ಬೇಕಾದ್ರೆ ದಂಡ ಹಾಕಿ."

ದೊಡ್ಡ ಡಾಕ್ಟರು ಹಾಳೆಯನ್ನು ಮತ್ತೆ ಎಳೆದುಕೊಂಡರು. "ಮೂರನೇ ಪ್ರಶ್ನೆ. 'ಯಾವ ವಸ್ತುವನ್ನೂ ಎತ್ತಲು ಆಗುವುದಿಲ್ಲ.' ಮೂರು ಹೊಡೆದು ಐದು ಮಾಡಿ ಡಾಕ್ಟ್ರಮ್ಮ. ಒಟ್ಟು ಇಪ್ಪತ್ತೊಂದು. ನಲವತ್ತೆರಡು."

"ಅನ್ಯಾಯ!" ಅಂತ ನೆಲದ ಕಡೆಯಿಂದ ಕೂಗು ಬಂತು. "ಇದು ಈಗ ತಾನೆ ಆಗಿದ್ದು! ಎರಡು ನಿಮಿಷದ ಹಿಂದೆ ಮೂರೇ ಇತ್ತು!"

"ಹಾಳೆಯ ಮೇಲೆ ಏನು ಬರೆದಿದೆ ಗೊತ್ತಾ? 'ಇವತ್ತಿನ ಸ್ಥಿತಿ.' ಈಗ ಅನ್ನೋದು ಇವತ್ತೇ ಅಲ್ವೇನ್ರೀ?"

ಸಾಹೇಬರು ಯೋಚಿಸಿದರು. ತಪ್ಪು ಹುಡುಕಿದರು. ಸಿಗಲಿಲ್ಲ.

"ಸರಿಯಾಗಿದೆ" ಅಂದರು ಕೊನೆಗೆ, ಬಹಳ ಸಿಟ್ಟಿನಿಂದ. "ಯಾರಾದ್ರೂ ಆ ಗ್ರಾಂ ಎತ್ಕೊಡಿ."

ಎತ್ತಿ ಕೊಟ್ಟವಳು ಹೆಂಡತಿ. ಅದನ್ನು ಅಂಗೈಯಲ್ಲಿಟ್ಟುಕೊಂಡು ಗಂಡನ ಬಗ್ಗಿದ ತಲೆಯನ್ನೂ ಗ್ರಾಮನ್ನೂ ಒಂದೆರಡು ಸಲ ನೋಡಿದಳು. ನಗಲಿಲ್ಲ. ನಕ್ಕದ್ದು ಮನೆಗೆ ಹೋದ ಮೇಲೆ, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಅರ್ಧ ಗಂಟೆ.

*

ಈಗ ಸಾಹೇಬರು ಕಚೇರಿಯ ಮೇಜಿನಲ್ಲಿ ಕೂರುತ್ತಾರೆ. ಮೂವತ್ತೈದು ನಿಮಿಷಕ್ಕೊಮ್ಮೆ ಎದ್ದು, ಕಿಟಕಿಯವರೆಗೆ ಹೋಗಿ ಬರುತ್ತಾರೆ. ಇಪ್ಪತ್ತು ಕೆ.ಜಿ.ಯನ್ನು ಮೇಜಿನ ಮೇಲೆ ಎತ್ತಿಡುವವನು ಜೂನಿಯರ್. ಒಂದು ಗ್ರಾಮನ್ನು ಮಾತ್ರ ಅವರು ಯಾರ ಕೈಗೂ ಕೊಡುವುದಿಲ್ಲ. ಅದು ಮೇಜಿನಿಂದ ಉರುಳದ ಹಾಗೆ ಸುತ್ತ ಒಂದು ಕಟ್ಟೆ ಕಟ್ಟಿಸಿದ್ದಾರೆ.

ಮೊದಲ ವಾರವೇ ತರಕಾರಿಯಮ್ಮ ತಕ್ಕಡಿ ಹೊತ್ತು ತಂದಳು. ಇಪ್ಪತ್ತು ಸರಿಬಂತು. ಐದು ಸರಿಬಂತು. ಒಂದು ಸರಿಬಂತು. ಕೊನೆಗೆ ಚಿಮಟ ಹೊರಗೆ ಬಂತು. ತಕ್ಕಡಿಯ ಮುಳ್ಳು ಒಂದು ಕೂದಲಿನಷ್ಟು ಆ ಕಡೆಗೆ ನಿಂತಿತು.

"ಒಂದು ಗ್ರಾಂ ವ್ಯತ್ಯಾಸ ಇದೆ. ರಿಪೇರಿ ಮಾಡಿಸ್ಕೊಂಡು ಬನ್ನಿ."

"ಒಂದು ಗ್ರಾಂ ತಾನೆ ಸಾಹೇಬ್ರೇ" ಅಂದಳು ತರಕಾರಿಯಮ್ಮ. ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿದಳು. "ಆವತ್ತಿನ ವಿಷಯ ನಾನು ಯಾರಿಗೂ ಹೇಳಿಲ್ಲ ಬಿಡಿ. ಮಾರುಕಟ್ಟೇಲಿ ನಾಲ್ಕು ಜನಕ್ಕೆ ಬಿಟ್ಟು."

ಆ ನಾಲ್ಕು ಜನ ಯಾರಿಗೆ ಹೇಳಿದರು ಅಂತ ಕೇಳುವ ಅಗತ್ಯವಿರಲಿಲ್ಲ. ಹಿಂದೆ ಸಾಲಿನಲ್ಲಿ ತಕ್ಕಡಿ ಹಿಡಿದು ನಿಂತಿದ್ದ ಅಂಗಡಿಯವರೆಲ್ಲ ಒಟ್ಟಿಗೆ ಚಾವಣಿ ನೋಡತೊಡಗಿದ್ದರು.

ಸಾಹೇಬರು ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದರು. ಪೂರ್ತಿ ನೆಟ್ಟಗಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲರೂ ಕಾದರು. ಆಮೇಲೆ ಅವರು, ಆಸ್ಪತ್ರೆಯ ಗುಮಾಸ್ತನ ಗಂಟಲನ್ನೂ ನಾಚಿಸುವ ಹಾಗೆ, ಸಾಲಿನ ಕೊನೆಯವನಿಗೂ ಕೇಳುವಂತೆ ಹೇಳಿದರು:

"ಒಂದು ಗ್ರಾಂ ಎಷ್ಟು ಭಾರ ಅಂತ ನನ್ನ ಬೆನ್ನನ್ನ ಕೇಳಮ್ಮ. ಶೇಕಡಾ ನಲವತ್ತೆರಡು! ರಿಪೇರಿ ಮಾಡಿಸ್ಕೊಂಡು ಬಾ!"